ಬಲಗಡೆಯ ದೀಪ

ಚಿಕ್ಕಪ್ಪನ ಜೊತೆ ನಾನು ಮಾತು ಬಿಟ್ಟಿದ್ದು ಅಪ್ಪನನ್ನು ಆಸ್ಪತ್ರೆಯಿಂದ ಮನೆಗೆ ಕರೆತಂದ ಗುರುವಾರ. ಡೈರಿಯಲ್ಲಿ ಬರೆದಿಟ್ಟಿದ್ದೇನೆ. ಅಪ್ಪನ ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆದಿದ್ದರು. ಜಗಲಿಯ ಮೇಲೆ ಅಪ್ಪನನ್ನು ಕೂರಿಸಿ ನಾವೆಲ್ಲ ಸುಮ್ಮನೆ ನಿಂತಿದ್ದಾಗ ಚಿಕ್ಕಪ್ಪ, ಯಾರೂ ಕೇಳದೆಯೇ, "ಕಾಲು ಒಳಗಿಟ್ಕಂಡು ಕೂತಿದ್ರೆ ಏನೂ ಆಗ್ತಿರ್ಲಿಲ್ಲ" ಎಂದ. ಇನ್ನು ನಿನ್ನ ಜೊತೆ ನನಗೆ ಮಾತಿಲ್ಲ ಎಂದೆ ನಾನು. ಒಳ್ಳೇದೇ ಆಯ್ತು ಎಂದ ಅವನು. ಆಮೇಲೆ ಹತ್ತಿರ ಹತ್ತಿರ ಒಂದು ವರ್ಷ ನಾವಿಬ್ಬರೂ ಒಂದೇ ಮನೆಯಲ್ಲಿ ಮಾತಿಲ್ಲದೆ ಕಳೆದೆವು.

ನಮ್ಮ ಕಡೆ ಮಾತು ಬಿಡುವುದಕ್ಕೂ ಒಂದು ಕ್ರಮವಿದೆ. ಮನೆ ಬಿಡಬೇಕಾಗಿಲ್ಲ. ಒಟ್ಟಿಗೇ ಊಟಕ್ಕೆ ಕೂರಬಹುದು, ಒಂದೇ ಚೊಂಬಿನ ನೀರು ಕುಡಿಯಬಹುದು. ಹೇಳಬೇಕಾದ್ದೇನಾದರೂ ಇದ್ದರೆ ಮೂರನೆಯವರಿಗೆ ಹೇಳಬೇಕು. ಅವರು ಅದನ್ನು ಮತ್ತೊಮ್ಮೆ ಹೇಳುವ ತನಕ ಎದುರಿಗೆ ಕೂತವನು ಕಿವಿ ಕೇಳಿಸದವನ ಹಾಗೆ ಇರಬೇಕು. ನಮ್ಮ ಮನೆಯಲ್ಲಿ ಆ ಮೂರನೆಯವಳು ಅಮ್ಮ. ಸಾರು ಬಡಿಸುತ್ತಲೇ ಅಮ್ಮ ನನ್ನ ಮಾತನ್ನು ಅವನಿಗೆ, ಅವನ ಮಾತನ್ನು ನನಗೆ ದಾಟಿಸುತ್ತಿದ್ದಳು, ಬೈಗುಳವನ್ನು ಮಾತ್ರ ಬಿಟ್ಟು. ಅವಳು ದಾಟಿಸಿದ ಒಂದೊಂದು ಮಾತಿಗೂ ನಾನು ಡೈರಿಯ ಅಂಚಿನಲ್ಲಿ ಒಂದು ಗೀಟು ಎಳೆಯುತ್ತಿದ್ದೆ. ತಿಂಗಳ ಕೊನೆಯಲ್ಲಿ ಕೂಡಿಸುತ್ತಿದ್ದೆ. ಹಿಂದಿನ ತಿಂಗಳಿಗಿಂತ ಕಡಿಮೆ ಬಂದರೆ ನನಗೆ ಸಮಾಧಾನ.

ಅಪ್ಪ ಮಾತ್ರ ತಮ್ಮನ ಜೊತೆ ಏನೂ ಆಗದವನ ಹಾಗೆ ಮಾತಾಡುತ್ತಿದ್ದ. ಸಂಜೆಯಾದರೆ ಇಬ್ಬರೂ ಜಗಲಿಯಲ್ಲಿ ಕೂತು ಎಲೆಯಡಿಕೆ ಹಾಕಿಕೊಂಡು ಊರ ಸುದ್ದಿ ಹೇಳಿಕೊಂಡು ನಗುತ್ತಿದ್ದರು. ಅಪ್ಪ ನಗುವುದು ಕೇಳಿದಾಗಲೆಲ್ಲ ಚಿಕ್ಕಪ್ಪನ ಮೇಲೆ ನನ್ನ ಸಿಟ್ಟು ಹೆಚ್ಚುತ್ತಿತ್ತು.

ನಮ್ಮೂರು ಚಂದಾಪುರದಿಂದ ಆನೇಕಲ್ಲಿಗೆ ಹೋಗುವ ರಸ್ತೆ ಬಿಟ್ಟು ಒಳಗೆ. ಹೊಸೂರು ರಸ್ತೆ ಸೇರಲು ಇರುವುದು ಎತ್ತಿನ ಗಾಡಿಯ ಜಾಡು. ಮಳೆ ಬಂದರೆ ಅದರಲ್ಲಿ ಬಸ್ಸಿರಲಿ, ಸೈಕಲ್ಲೂ ಹೂತುಹೋಗುತ್ತದೆ. ಅದಕ್ಕಾಗಿಯೇ ಅಪ್ಪ, ಚಿಕ್ಕಪ್ಪ ಸೇರಿ ಮಿಲಿಟರಿಯವರು ಹರಾಜು ಹಾಕಿದ ಹಳೆಯ ಜೀಪನ್ನು ತಂದಿದ್ದರು. ನಾಲ್ಕೂ ಚಕ್ರಕ್ಕೆ ಎಳೆತ ಕೊಟ್ಟರೆ ಎಂಥ ಕೆಸರಿನಿಂದಲೂ ಗೊರಗೊರ ಅನ್ನುತ್ತ ಎದ್ದು ಬರುತ್ತಿತ್ತು. ಓಡಿಸುತ್ತಿದ್ದವನು ಚಿಕ್ಕಪ್ಪ. ಬೆಳಗಿನ ಜಾವ ನಮ್ಮೂರಿನ, ಪಕ್ಕದೂರಿನ ಹೆಂಗಸರನ್ನು ಬೊಮ್ಮಸಂದ್ರದ ಕಾರ್ಖಾನೆಗಳ ಮೊದಲ ಶಿಫ್ಟಿಗೆ ಬಿಟ್ಟು ಬರುವುದು ಅದರ ಕೆಲಸ.

ಆ ಜೀಪಿಗೆ ಹಿಂದೆ ಇದ್ದದ್ದು ಒಂದೇ ದೀಪ, ಎಡಗಡೆಗೆ. ಬಲಗಡೆಗೂ ಒಂದು ಹಾಕಿಸೋಣ ಎಂದು ಅಪ್ಪ ಮೊದಲಿನಿಂದ ಹೇಳುತ್ತಿದ್ದ. ಮಿಲಿಟರಿಯವರಿಗೇ ಒಂದು ಸಾಕಾಗಿತ್ತಂತೆ, ಹೆಂಗಸರನ್ನು ಶಿಫ್ಟಿಗೆ ಬಿಡುವ ನಮಗೆ ಎರಡು ಬೇಕೇ ಎಂದು ಚಿಕ್ಕಪ್ಪ ತಮಾಷೆ ಮಾಡುತ್ತಿದ್ದ. ಆ ವರ್ಷ ದೀಪಾವಳಿಗೆ ಮುಂಚೆ, ಇನ್ನೂ ಕತ್ತಲೆ ಇರುವಾಗ, ಹೊಸೂರು ರಸ್ತೆಯಲ್ಲಿ ಅಡ್ಡ ಬಂದ ಎಮ್ಮೆಗೆ ಚಿಕ್ಕಪ್ಪ ಬ್ರೇಕ್ ಹಾಕಿದ. ಹಿಂದೆ ಬರುತ್ತಿದ್ದ ಲಾರಿ ಜೀಪಿನ ಬಲ ಮೂಲೆಗೆ ಬಂದು ಗುದ್ದಿತು. ಆ ಮೂಲೆಯಲ್ಲಿ ಅಪ್ಪ ಕಾಲು ಹೊರಗೆ ಇಳಿಬಿಟ್ಟುಕೊಂಡು ಕೂತಿದ್ದ. ಸ್ಟೇಷನ್ನಿನಲ್ಲಿ ಲಾರಿ ಡ್ರೈವರ್ ಹೇಳಿದ್ದನ್ನು ನಾನು ಅಲ್ಲೇ ನಿಂತು ಬರೆದುಕೊಂಡೆ. "ಒಂದೇ ಕೆಂಪು ದೀಪ ಕಾಣ್ತು ಸಾರ್, ಎಡಕ್ಕೆ. ಸ್ಕೂಟರ್ ಹೋಗ್ತಾ ಐತೆ ಅಂದ್ಕಂಡು ಬಲಕ್ಕೆ ತಗಂಡೆ." ಅವನು ಸುಳ್ಳು ಹೇಳುತ್ತಿದ್ದಾನೆ ಎಂದು ನನಗೆ ಅನ್ನಿಸಲಿಲ್ಲ.

ಚಿಕ್ಕಪ್ಪ ಜೀಪಿನ ಬಲ ಮೂಲೆಯನ್ನು ತಟ್ಟಿಸಿ, ಹರಿದ ಕಡೆ ತಗಡು ವೆಲ್ಡ್ ಮಾಡಿಸಿ ಮತ್ತೆ ರಸ್ತೆಗೆ ಇಳಿಸಿದ. ದೀಪ ಮಾತ್ರ ಹಾಕಿಸಲಿಲ್ಲ. ಹಾಕಿಸಿದರೆ ತಪ್ಪು ಒಪ್ಪಿಕೊಂಡ ಹಾಗಾಗುತ್ತದೆ ಎಂದು ಹಾಕಿಸಲಿಲ್ಲವೆಂದೇ ನಾನು ಇವತ್ತಿಗೂ ನಂಬಿದ್ದೇನೆ.

ಅಪ್ಪ ಮನೆಯಲ್ಲಿ ಕೂತ ಮೇಲೆ ಅಮ್ಮ ಬೊಮ್ಮಸಂದ್ರದಲ್ಲಿ ಮಾತ್ರೆ ಪ್ಯಾಕ್ ಮಾಡುವ ಕಾರ್ಖಾನೆಗೆ ಸೇರಿದಳು. ಜೀಪಿನ ಹಿಂಬಾಗಿಲಿಗೆ ಒಂದು ಸರಪಳಿ. ಹೆಂಗಸರು ಹತ್ತುವಾಗ ಅದನ್ನು ಬಿಚ್ಚಿ, ಹತ್ತಿದ ಮೇಲೆ ಕೊಂಡಿಗೆ ಸಿಕ್ಕಿಸಬೇಕು. ಆ ಕೆಲಸವನ್ನು ಅಮ್ಮ ತಾನೇ ವಹಿಸಿಕೊಂಡಳು. ಕೊಂಡಿ ಇದ್ದದ್ದು ಬಲಗಡೆ. ಹಾಗಾಗಿ ದಿನವೂ ಅವಳು ಕೂರುತ್ತಿದ್ದದ್ದು ಅಪ್ಪ ಕೂತಿದ್ದ ಅದೇ ಮೂಲೆಯಲ್ಲಿ, ವೆಲ್ಡ್ ಮಾಡಿದ ಅದೇ ತಗಡಿಗೆ ಒರಗಿಕೊಂಡು. ಬೇರೆ ಕಡೆ ಕೂರು ಎಂದರೆ, ಮತ್ತೆ ಸರಪಳಿ ಯಾರು ಹಾಕುತ್ತಾರೆ ಎನ್ನುತ್ತಿದ್ದಳು. ಹೊಸೂರು ರಸ್ತೆಯಲ್ಲಿ ಹಿಂದಿನಿಂದ ಬರುವವನಿಗೆ ಆ ಮೂಲೆ ಕಾಣಬೇಕು. ನನಗೆ ಬೇಕಾಗಿದ್ದದ್ದು ಅಷ್ಟೇ.

ನಾನಾಗ ಐಟಿಐಯಲ್ಲಿ ವೈರ್‌ಮನ್ ಕೆಲಸ ಕಲಿಯುತ್ತಿದ್ದೆ. ಗುಜರಿಯಲ್ಲಿ ಟ್ರ್ಯಾಕ್ಟರಿನ ಒಂದು ಜೊತೆ ಹಿಂದೀಪ ಸಿಕ್ಕಿದವು, ದುಂಡನೆಯ ಕೆಂಪು ಗಾಜಿನವು. ಒಂದು ರಾತ್ರಿ ಊಟಕ್ಕೆ ಕೂತಾಗ, ಜೀಪಿಗೆ ಹಿಂದೆ ಎರಡು ದೀಪ ಹಾಕುತ್ತೇನೆಂದು ಹೇಳು ಎಂದು ಅಮ್ಮನಿಗೆ ಹೇಳಿದೆ. ಚಿಕ್ಕಪ್ಪ ನನ್ನ ಮಗ್ಗುಲಲ್ಲೇ ಮುದ್ದೆ ಮುರಿಯುತ್ತಿದ್ದ.

"ದೀಪ ಹಾಕ್ತಾನಂತೆ," ಎಂದಳು ಅಮ್ಮ.

"ಮದುವೆ ಮನೆನಾ ಅತ್ತಿಗೆ ಇದು, ಸೀರಿಯಲ್ ಸೆಟ್ ಆಕಕ್ಕೆ?" ಎಂದ ಚಿಕ್ಕಪ್ಪ. ಮುದ್ದೆ ನುಂಗಿ ಮತ್ತೆ ಹೇಳಿದ. "ಆಕ್ಲಿ. ಬಂಡಿ ಸುಟ್ಟೋದ್ರೆ ಮಾತ್ರ ಬೆಳಿಗ್ಗೆ ಎಂಗಸ್ರನ್ನ ಅವನೇ ಬೆನ್ನ ಮ್ಯಾಲೆ ಒತ್ಕಂಡು ಓಗ್ಲಿ."

"ಹಾಕು ಅಂದ್ರು," ಎಂದು ಅಮ್ಮ ನನ್ನ ಕಡೆ ತಿರುಗಿ ಹೇಳಿದಳು. ಅವತ್ತಿನ ಪುಟಕ್ಕೆ ಎರಡು ಗೀಟು.

ಮಹಾಲಯ ಅಮಾವಾಸ್ಯೆ ಕಳೆದ ಮೇಲಿನ ಭಾನುವಾರ ಕೆಲಸ ಮಾಡಿದೆ. ಆ ದೀಪಗಳ ಒಂದೊಂದು ಬಲ್ಬಿನಲ್ಲೂ ಎರಡು ತಂತಿ ಇರುತ್ತವೆ. ಸಣ್ಣದು ರಾತ್ರಿಯೆಲ್ಲ ಉರಿಯುವುದಕ್ಕೆ, ದಪ್ಪದ್ದು ಬ್ರೇಕ್ ಒತ್ತಿದಾಗ ಜೋರಾಗಿ ಹತ್ತುವುದಕ್ಕೆ. ಎರಡೂ ದೀಪಕ್ಕೆ ಸೇರಿ, ಸಣ್ಣದಕ್ಕೆ ಮುಂದಿನ ಸ್ವಿಚ್ಚಿನಿಂದ ಒಂದು ವೈರು, ದಪ್ಪದ್ದಕ್ಕೆ ಬ್ರೇಕಿನ ಸ್ವಿಚ್ಚಿನಿಂದ ಒಂದು ವೈರು ಎಳೆದೆ. ಅಡಿಯ ಪಟ್ಟಿಗುಂಟ ಎಲ್ಲೂ ಜೋಲದ ಹಾಗೆ ಕಟ್ಟಿದೆ. ಕೆಸರು ಬಡಿಯುವ ಕಡೆ ಹಳೆಯ ನೀರಿನ ಪೈಪಿನೊಳಗೆ ತೂರಿಸಿದೆ. ಬಂದ ಕರೆಂಟು ಬ್ಯಾಟರಿಗೆ ವಾಪಸು ಹೋಗಲು ಬೇರೆ ವೈರು ಹಾಕುವುದಿಲ್ಲ. ಜೀಪಿನ ಕಬ್ಬಿಣದ ಮೈಯೇ ಆ ದಾರಿ. ಅದನ್ನೇ ಅರ್ತ್ ಅನ್ನುವುದು. ಅದಕ್ಕೆ ದೀಪದ ಬಟ್ಟಲು ಬರಿಯ ಕಬ್ಬಿಣಕ್ಕೆ ಕಚ್ಚಿ ಕೂರಬೇಕು. ಎಡಗಡೆ ಹಳೆಯ ದೀಪ ಕೂತಿದ್ದ ಜಾಗ ಬರಿಯ ಕಬ್ಬಿಣವೇ ಆಗಿತ್ತು. ಬಲಗಡೆಯ ಹೊಸ ತಗಡಿಗೆ ಗ್ಯಾರೇಜಿನವರು ದಪ್ಪಗೆ ಬಣ್ಣ ಬಳಿದಿದ್ದರು. ಅದನ್ನು ಅಂಗೈಯಗಲ ಕೆರೆದು, ಮರಳು ಕಾಗದದಲ್ಲಿ ತಿಕ್ಕಿ, ಫಳಫಳ ಅನ್ನುವ ಕಬ್ಬಿಣದ ಮೇಲೆ ದೀಪ ಕೂರಿಸಿ ಬೋಲ್ಟು ಬಿಗಿದೆ.

ಬ್ರೇಕ್ ದೀಪ ನೋಡಲು ಇಬ್ಬರು ಬೇಕು. ಒಬ್ಬ ಪೆಡಲು ಒತ್ತಬೇಕು, ಇನ್ನೊಬ್ಬ ಹಿಂದೆ ನಿಂತು ಬಂತು ಅಥವಾ ಇಲ್ಲ ಎನ್ನಬೇಕು. ಚಿಕ್ಕಪ್ಪ ಹತ್ತು ಹೆಜ್ಜೆಯಾಚೆ ಕಲ್ಲುಬೆಂಚಿನ ಮೇಲೆ ಬೀಡಿ ಸೇದುತ್ತ ಕೂತಿದ್ದ. ನಾನು ಕರೆಯಲಿಲ್ಲ, ಅವನೂ ಏಳಲಿಲ್ಲ. ಸುಣ್ಣ ಬಳಿದ ಕೊಟ್ಟಿಗೆಯ ಗೋಡೆಗೆ ಜೀಪಿನ ಬೆನ್ನು ಮಾಡಿಸಿ ನಿಲ್ಲಿಸಲು ಅಮ್ಮನ ಮೂಲಕ ಹೇಳಿಸಿದೆ. ಅವನು ಎದ್ದು ಬಂದು ನಿಲ್ಲಿಸಿ ಮತ್ತೆ ಹೋಗಿ ಕೂತ. ಕತ್ತಲಾಗುವ ತನಕ ಕಾದು, ಡ್ರೈವರ್ ಸೀಟಿನಲ್ಲಿ ಕೂತು ಪೆಡಲು ಒತ್ತಿ, ಕುತ್ತಿಗೆ ತಿರುಗಿಸಿ ನೋಡಿದೆ. ಸುಣ್ಣದ ಗೋಡೆಯ ಮೇಲೆ ಎರಡು ಕೆಂಪು ವೃತ್ತಗಳು ಹತ್ತಿ, ಕಾಲು ತೆಗೆದರೆ ಮಂಕಾದವು. ಬಂತು ಎನ್ನುವವರ ಅಗತ್ಯ ನನಗಿಲ್ಲ ಎಂದು ಅವತ್ತಿನ ಡೈರಿಯಲ್ಲಿ ಬರೆದೆ.

ಆಯುಧಪೂಜೆಯ ದಿನ ನಾನು ಬೇಕೆಂದೇ ಐಟಿಐಯ ವರ್ಕ್‌ಶಾಪಿನ ಪೂಜೆಗೆ ಹೋಗಿ ಹೊತ್ತು ಮುಳುಗುವ ತನಕ ಅಲ್ಲೇ ಉಳಿದೆ. ಜೀಪಿನ ಮುಂದೆ ಚಿಕ್ಕಪ್ಪನ ಪಕ್ಕ ನಿಂತು ಮಂಗಳಾರತಿ ತೆಗೆದುಕೊಳ್ಳಲು ನನಗೆ ಮನಸ್ಸಿರಲಿಲ್ಲ. ಮನೆಗೆ ಬಂದಾಗ ಜೀಪು ಬಾಳೆಕಂದು, ಮಾವಿನಸೊಪ್ಪು, ಚೆಂಡು ಹೂವಿನಲ್ಲಿ ಮುಚ್ಚಿಹೋಗಿತ್ತು. ಹಿಂದಿನ ದೀಪಗಳ ಮೇಲೂ ಹಾರ. ಟೈರಿನ ಮುಂದೆ ಒಡೆದ ಬೂದುಗುಂಬಳ. ಹೊಸ ಬಣ್ಣದ ವಾಸನೆ ಮೂಗಿಗೆ ಬಂತು. ಹಬ್ಬಕ್ಕೆ ಎಲ್ಲರೂ ಬಂಡಿಗೆ ಬಣ್ಣ ಹೊಡೆಯುತ್ತಾರೆ. ನಾನು ತಿರುಗಿಯೂ ನೋಡದೆ ಒಳಗೆ ಹೋದೆ.

ಹಬ್ಬದ ರಜೆ ಮುಗಿದು ಶಿಫ್ಟು ಶುರುವಾದ ಮೊದಲ ಬೆಳಗ್ಗೆ ಹಾರಗಳನ್ನು ಕಿತ್ತು ಹಾಕಿ ಜೀಪು ಹೊರಟಿತು. ನಾನೂ ಐಟಿಐಗೆ ಅದೇ ದಾರಿಯಲ್ಲಿ ಹೋಗಬೇಕು. ಸೈಕಲ್ ತುಳಿಯುತ್ತ ಹಿಂದೆಯೇ ಹೊರಟೆ. ಹಿಂದಿನ ರಾತ್ರಿ ಮಳೆ ಬಿದ್ದಿತ್ತು. ಕೆಸರಿನಲ್ಲಿ ಜೀಪು ಆಮೆಯ ಹಾಗೆ ಹೋಗುತ್ತಿತ್ತು, ನಾನು ಹೊಲದ ಬದುವಿನ ಮೇಲೆ. ಕತ್ತಲಲ್ಲಿ ಎರಡು ಕೆಂಪು ದೀಪಗಳು ಅಕ್ಕಪಕ್ಕ ಕುಲುಕಾಡುತ್ತ ಹೋಗುವುದನ್ನು ನೋಡಿ, ಅವು ನನ್ನವು ಅನ್ನಿಸುತ್ತಿತ್ತು.

ಪಕ್ಕದೂರಿನ ಆಲದ ಮರದ ಹತ್ತಿರ ಹೆಂಗಸರನ್ನು ಹತ್ತಿಸಿಕೊಳ್ಳಲು ಜೀಪು ನಿಂತಿತು. ಬ್ರೇಕ್ ಬಿದ್ದ ಕೂಡಲೇ ಎಡಗಡೆಯ ದೀಪ ಜೋರಾಯಿತು. ಬಲಗಡೆಯದು ಆರಿಹೋಯಿತು.

ಜೀಪು ಹೊರಟಿತು, ಬಲಗಡೆಯದು ಮತ್ತೆ ಹತ್ತಿತು. ಕಣ್ಣಿಗೆ ಏನೋ ಅಡ್ಡ ಬಂದಿರಬೇಕೆಂದು ಇನ್ನಷ್ಟು ಹತ್ತಿರಕ್ಕೆ ತುಳಿದೆ. ಮುಂದೆ ಅರಳಿಕಟ್ಟೆಯ ಹತ್ತಿರ ಮತ್ತೆ ನಿಂತಿತು. ಮತ್ತೆ ಅದೇ. ಆಗ ಅರ್ಥವಾಯಿತು. ಬಲಗಡೆಯ ದೀಪಕ್ಕೆ ಅರ್ತ್ ಇಲ್ಲ. ವಾಪಸು ಹೋಗುವ ದಾರಿ ಮುಚ್ಚಿಹೋದ ಕರೆಂಟು ಬ್ರೇಕಿನ ವೈರಿನೊಳಗೆ ಹಿಂದಕ್ಕೆ ನುಸುಳಿ, ಎಡಗಡೆಯ ದೀಪದ ಮೂಲಕ ದಾರಿ ಮಾಡಿಕೊಂಡಿದೆ. ಬ್ರೇಕ್ ಒತ್ತಿದಾಗ ಆ ವೈರಿನಲ್ಲಿ ಎದುರಿನಿಂದ ಕರೆಂಟು ಬರುತ್ತದೆ, ಆ ಕಳ್ಳದಾರಿಯೂ ಮುಚ್ಚುತ್ತದೆ. ಸುಮ್ಮನೆ ಓಡುವಾಗ ಅದು ಎರಡು ದೀಪದ ಜೀಪು. ಬ್ರೇಕ್ ಹಾಕಿದಾಗ, ಅಂದರೆ ಹಿಂದಿನವನಿಗೆ ಅದು ಕಾಣಲೇಬೇಕಾದ ಹೊತ್ತಿಗೆ, ಎಡಕ್ಕೆ ಒಂದೇ ಕೆಂಪು ದೀಪ. ಸ್ಕೂಟರ್.

ಅಮ್ಮ ಆ ಮೂಲೆಯಲ್ಲಿ ಟಿಫಿನ್ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಹೊಸೂರು ರಸ್ತೆಯ ಲಾರಿಗಳ ಸದ್ದು ಆಗಲೇ ಕೇಳುತ್ತಿತ್ತು.

ಬದು ಬಿಟ್ಟು ಕೆಸರಿಗಿಳಿದೆ. ಸೈಕಲ್ ಮುಂದಕ್ಕೆ ಹೋಗಲಿಲ್ಲ. ಅಲ್ಲೇ ಬಿಸಾಕಿ ಓಡಿದೆ. ರಸ್ತೆಗೆ ಹತ್ತುವ ಏರಿನಲ್ಲಿ ಜೀಪು ಗೇರು ಬದಲಿಸಲು ನಿಧಾನವಾದಾಗ ಡ್ರೈವರ್ ಸೀಟಿನ ಪಕ್ಕಕ್ಕೆ ಓಡಿ ತಲುಪಿದೆ.

"ನಿಲ್ಸು. ರೋಡ್ ಹತ್ತಬೇಡ," ಎಂದೆ.

ಚಿಕ್ಕಪ್ಪ ನನ್ನ ಕಡೆ ನೋಡಲಿಲ್ಲ. ಜೀಪನ್ನು ಮಾತ್ರ ನಿಲ್ಲಿಸಿದ. ನೆಟ್ಟಗೆ ಮುಂದೆ ನೋಡುತ್ತ ಹಿಂದಕ್ಕೆ ಕೂಗಿದ. "ಅತ್ತಿಗೆ, ಯಾರೋ ಏನೋ ಒದರ್ತಾವ್ರೆ. ಏನಂತೆ ಕೇಳಿ."

ಒಳಗೆ ಹೆಂಗಸರು ಕಿಸಕ್ಕನೆ ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು. ಅಂಥ ಹೊತ್ತಿನಲ್ಲೂ ನಾನು ಬಗ್ಗಲಿಲ್ಲ. ಬ್ರೇಕ್ ಹಾಕಿದರೆ ಬಲಗಡೆ ದೀಪ ಆರುತ್ತದೆ ಎಂದು ಅವನಿಗೆ ಹೇಳಮ್ಮ ಎಂದೆ.

ಹಿಂದೆ ಸರಪಳಿ ಬಿಚ್ಚಿದ ಸದ್ದಾಯಿತು. ಅಮ್ಮ ಕೆಸರಿಗೆ ಇಳಿದು, ಸೀರೆ ಎತ್ತಿ ಹಿಡಿದುಕೊಂಡು ನಮ್ಮಿಬ್ಬರ ನಡುವೆ ಬಂದು ನಿಂತಳು.

"ನಾನು ಯೇಳಕಿಲ್ಲ," ಎಂದಳು. "ಬೆನ್ನಿಂದೆ ಬರೋ ಲಾರಿಯೋನಿಗೆ ನೀವಿಬ್ರೂ ಮಾತು ಬಿಟ್ಟಿರೋದು ಗೊತ್ತಿರಕಿಲ್ಲ."

ಅಷ್ಟು ಹೇಳಿ ಬದುವಿನ ಮೇಲೆ ಹೋಗಿ ಬೆನ್ನು ತಿರುಗಿಸಿ ಕೂತಳು. ಉಳಿದ ಹೆಂಗಸರೂ ಒಬ್ಬೊಬ್ಬರಾಗಿ ಇಳಿದು ಅವಳ ಪಕ್ಕ ಹೋಗಿ ನಿಂತರು. ಕಾರ್ಖಾನೆಯ ಗೇಟ್ ಮುಚ್ಚಿದರೆ ಅರ್ಧ ದಿನದ ಕೂಲಿ ಹೋಯಿತೆಂದು ಒಬ್ಬಳು ಗೊಣಗಿದಳು. ಅಮ್ಮ ಅವಳ ಕಡೆಗೂ ನೋಡಲಿಲ್ಲ.

ಚಿಕ್ಕಪ್ಪ ಇಳಿದು ಹಿಂದಕ್ಕೆ ಬಂದ. ನಾನು ಬಲಗಡೆಯ ದೀಪಕ್ಕೆ ಕೈ ಹಾಕಿ ನೋಡಿದೆ. ನಾನು ಕೆರೆದಿದ್ದ ಜಾಗದ ಮೇಲೆಲ್ಲ ಹಸಿರು ಬಣ್ಣ. ಆ ಬಣ್ಣ ಕಿತ್ತು ಬರಬಾರದೆಂದು ಬೋಲ್ಟಿನ ಎರಡೂ ಕಡೆ ಸೈಕಲ್ ಟ್ಯೂಬ್ ಕತ್ತರಿಸಿದ ರಬ್ಬರ್ ಬಿಲ್ಲೆಗಳು. ಕೆಲಸ ಅಚ್ಚುಕಟ್ಟಾಗಿತ್ತು. ಕಬ್ಬಿಣಕ್ಕೆ ಕಬ್ಬಿಣ ಎಲ್ಲೂ ಸೋಕುತ್ತಿರಲಿಲ್ಲ.

"ಇದನ್ನ ಬಿಚ್ಚಿದ್ಯಾರು?" ಎಂದೆ. ಈ ಸಲ ಅವನ ಮುಖ ನೋಡಿಯೇ ಕೇಳಿದೆ.

"ನಾನೇ. ಅಬ್ಬಕ್ಕೆ ಬಣ್ಣ ಒಡೀಬೇಡ್ವಾ? ಬಂಡಿ ಮೈನ ನೀನು ನಾಯಿ ಕೆರ್ದಂಗೆ ಕೆರ್ದಿದ್ದೆ. ಅಂಗೇ ಪೂಜೆ ಮಾಡಕಾಯ್ತದಾ?"

"ಕೆರ್ದಿದ್ದು ಅರ್ತ್‌ಗೆ."

"ಅದನ್ನ ಯೇಳ್ಬೇಕಿತ್ತು."

"ಯಾರಿಗೆ?"

"ನಂಗೆ."

"ನಿನ್ ಜೊತೆ ನಂಗೆ ಮಾತಿಲ್ಲ."

ಅವನು ರಬ್ಬರ್ ಬಿಲ್ಲೆಯನ್ನು ಬೆರಳಿನಿಂದ ಒತ್ತಿ ನೋಡಿದ. ಬಣ್ಣ ಹೊಡೆದ ಮೇಲೆ ತಾನೂ ಗೋಡೆಗೆ ಹಿಡಿದು ನೋಡಿದ್ದೆ, ಗೋಡೆ ಕೆಂಪಗಾಗಿತ್ತು ಎಂದ. ಎಡಗಡೆಯ ದೀಪ ಒಂದೇ ಸಾಕು ಗೋಡೆ ಕೆಂಪಗಾಗಲು, ವೃತ್ತ ಎರಡಿವೆಯೇ ಎಂದು ನೋಡಬೇಕು ಎಂದೆ ನಾನು. ಅದನ್ನೂ ನೀನು ಹೇಳಿರಲಿಲ್ಲ ಎಂದ.

"ಒಂದು ವರ್ಷ ಆಯ್ತು," ಎಂದ ಆಮೇಲೆ. ದನಿ ಸಣ್ಣದಾಗಿತ್ತು, ಆದರೆ ಮೆತ್ತಗಾಗಿರಲಿಲ್ಲ. "ನಾನೇ ಕತ್ತಿ ತಗಂಡು ಕಾಲು ಕುಯ್ದಂಗೆ ನೋಡ್ತೀಯ."

"ಕುಯ್ದಿದ್ದು ನೀನೇ."

"ನಿಮ್ಮಪ್ಪ ಅಂಗಂದ್ನಾ?"

"ಅಪ್ಪ ಅನ್ನಲ್ಲ. ನಾನು ಅಂತೀನಿ."

ಅವನ ಕೈ ಮೇಲಕ್ಕೆದ್ದಿತು. ಹೊಡೆಯುತ್ತಾನೆ ಎಂದುಕೊಂಡೆ. ಹೊಡೆದರೆ ನಾನೂ ಬಿಡಬಾರದು ಎಂದು ಗಟ್ಟಿಯಾಗಿ ನಿಂತೆ. ಅವನು ಸೀಟಿನ ಕೆಳಗಿನ ಚೀಲಕ್ಕೆ ಕೈ ಹಾಕಿ ಸ್ಕ್ರೂಡ್ರೈವರ್ ತೆಗೆದು ನನ್ನ ಎದೆಗೆ ಚುಚ್ಚುವ ಹಾಗೆ ಚಾಚಿದ.

"ತಗಾ. ಕೆರಿ. ಎಷ್ಟು ಬೇಕೋ ಅಷ್ಟು ಕೆರಿ."

ಕೆರೆದೆ. ಹಬ್ಬದ ಬಣ್ಣ ಇನ್ನೂ ಪೂರ್ತಿ ಒಣಗಿರಲಿಲ್ಲ, ಉಗುರಿಗೆ ಅಂಟಿತು. ರಬ್ಬರ್ ಬಿಲ್ಲೆಗಳನ್ನು ಕಿತ್ತು ಎಸೆದೆ. ಕೆಸರು ನೀರು ಮುಂದೆ ತುಕ್ಕು ಹಿಡಿಸಬಹುದೆಂದು ಒಂದು ತುಂಡು ವೈರಿನ ತುದಿಯನ್ನು ಹಲ್ಲಿನಿಂದ ಸುಲಿದು, ದೀಪದ ಬೋಲ್ಟಿನಿಂದ ಅಡಿಯ ಪಟ್ಟಿಯ ಬೋಲ್ಟಿಗೆ ನೇರವಾಗಿ ಕಟ್ಟಿದೆ. ಸ್ಪ್ಯಾನರ್ ಬೇಕು ಎಂದು ನಾನು ತಲೆ ಎತ್ತುವ ಮೊದಲೇ ಅದು ನನ್ನ ಕಿವಿಯ ಪಕ್ಕ ಇತ್ತು. ತೆಗೆದುಕೊಂಡೆ. ಅವನ ಮುಖ ನೋಡಲಿಲ್ಲ.

ಅವನು ಹೋಗಿ ಸೀಟಿನಲ್ಲಿ ಕೂತ. ಅಲ್ಲಿ ಕೊಟ್ಟಿಗೆಯ ಗೋಡೆ ಇರಲಿಲ್ಲ. ಹಿಂದೆ ಇದ್ದದ್ದು ಕತ್ತಲು, ರಾಗಿ ಹೊಲ, ನಾನು. ಅವನು ಪೆಡಲು ಒತ್ತಿದ. ನನ್ನ ಅಂಗಿ, ಕೈ, ಕೆಸರು ಎಲ್ಲ ಕೆಂಪಗಾಯಿತು.

ನಾನು ಬಾಯಿ ಬಿಡಲಿಲ್ಲ. ಅವನು ಒತ್ತಿದ ಕಾಲು ತೆಗೆಯಲಿಲ್ಲ. ಬದುವಿನ ಮೇಲಿಂದ ಅಮ್ಮ ತಿರುಗಿ ನೋಡುತ್ತಿದ್ದಳು.

"ಬಂತು," ಎಂದೆ.

"ಎಲ್ಡೂನಾ?"

"ಎರಡೂ."

ಹೆಂಗಸರು ಹತ್ತಿದರು. ಅಮ್ಮ ಕೊನೆಯಲ್ಲಿ ಹತ್ತಿ, ಸರಪಳಿ ಸಿಕ್ಕಿಸಿ, ಅದೇ ಮೂಲೆಯಲ್ಲಿ ಕೂತಳು. ಜೀಪು ರಸ್ತೆಗೆ ಹತ್ತುವ ಮುಂಚೆ ಲಾರಿಗೆ ದಾರಿ ಬಿಡಲು ಒಮ್ಮೆ ನಿಂತಿತು. ಎರಡೂ ದೀಪ ಜೋರಾಗಿ ಹತ್ತಿದವು. ಆಮೇಲೆ ಬೊಮ್ಮಸಂದ್ರದ ಕಡೆ ತಿರುಗಿ ಹೋಯಿತು. ನಾನು ವಾಪಸು ಹೋಗಿ ಕೆಸರಿನಿಂದ ಸೈಕಲ್ ಎತ್ತಿಕೊಂಡೆ.

ಸುದ್ದಿ ನಮಗಿಂತ ಮೊದಲೇ ಮನೆ ತಲುಪಿತ್ತು. ಸಂಜೆ ಜಗಲಿಯಲ್ಲಿ ಅಪ್ಪ ಎಲೆಗೆ ಸುಣ್ಣ ಹಚ್ಚುತ್ತ, "ಏನ್ರಪ್ಪಾ, ಇಬ್ರೂ ಮಾತಾಡುದ್ರಂತೆ?" ಎಂದು ಕೇಳಿದ.

"ಇಲ್ಲ," ಎಂದೆ ನಾನು. "ಇಲ್ಲ," ಎಂದ ಚಿಕ್ಕಪ್ಪನೂ, ಅದೇ ಹೊತ್ತಿಗೆ. ಅಪ್ಪ ನಕ್ಕ. ನಮ್ಮಿಬ್ಬರಿಗೂ ನಗು ಬರಲಿಲ್ಲ. ಅವನು ಅಪ್ಪನ ಕಾಲಿನ ಬಗ್ಗೆ ಹೇಳಿದ್ದನ್ನು ನಾನು ಮರೆತಿರಲಿಲ್ಲ. ನಾನು ಹೇಳಿದ್ದನ್ನು ಅವನೂ ಮರೆಯಲಿಲ್ಲ. ಆಮೇಲೆ ನಾನಿದ್ದ ಕಡೆಗೆ ಅವನು ಊಟಕ್ಕೆ ಕೂರುವುದನ್ನೂ ಬಿಟ್ಟ. ಅಮ್ಮನೂ ಮತ್ತೆ ಯಾರ ಮಾತನ್ನೂ ದಾಟಿಸಲಿಲ್ಲ. ಡೈರಿಯ ಅಂಚು ಅಂದಿನಿಂದ ಖಾಲಿ.

ಆದರೆ ಮಾರನೆಯ ಬೆಳಗ್ಗೆ ಜೀಪು ಸ್ಟಾರ್ಟ್ ಆದ ಮೇಲೂ ಹೊರಡಲಿಲ್ಲ. ಹೋಗಿ ನೋಡಿದರೆ ಚಿಕ್ಕಪ್ಪ ಬ್ರೇಕ್ ಒತ್ತಿಕೊಂಡು ನೆಟ್ಟಗೆ ಮುಂದೆ ನೋಡುತ್ತ ಕೂತಿದ್ದ. ನಾನು ಹಿಂದೆ ಹೋಗಿ ನಿಂತು, ನಂಬರ್ ಪ್ಲೇಟಿಗೆ ಹೇಳುವವನ ಹಾಗೆ "ಎರಡೂ" ಎಂದೆ. ಜೀಪು ಹೊರಟಿತು. ಈಗಲೂ ದಿನವೂ ಹಾಗೆಯೇ. ಮಳೆಗಾಲದಲ್ಲಿ ಒಂದು ದಿನ "ಒಂದೇ" ಎಂದೆ. ಯಾವುದು ಎಂದು ಅವನು ಕೇಳಲಿಲ್ಲ. ಎಂಜಿನ್ ಆರಿಸಿ, ಇಳಿದು, ಸ್ಪ್ಯಾನರನ್ನು ಬಾನೆಟ್ ಮೇಲಿಟ್ಟು, ಬೆನ್ನು ತಿರುಗಿಸಿ ನಿಂತ. ನಾನು ಬಲ್ಬು ಬದಲಿಸುವ ತನಕ ಅಮ್ಮ ಮೂಲೆಯಲ್ಲಿ ಕೂತು ಕೈಯಲ್ಲಿ ಸರಪಳಿ ಹಿಡಿದುಕೊಂಡೇ ಇದ್ದಳು. ಕೊಂಡಿಗೆ ಸಿಕ್ಕಿಸಿದ್ದು ನಾನು "ಎರಡೂ" ಎಂದ ಮೇಲೆ.